ಮೆಳೆಯ ಮುಳ್ಳು

ನಮ್ಮ ಮನೆಯ ಹಿಂದೆ, ಅಡಕೆ ತೋಟ ಮುಗಿದು ಹಳ್ಳ ಆರಂಭವಾಗುವ ಕಡೆಯಲ್ಲಿ, ಒಂದು ಬಿದಿರ ಮೆಳೆಯಿತ್ತು. ನನಗಿಂತ ಅದು ಹತ್ತು ಹನ್ನೊಂದು ವರ್ಷ ಚಿಕ್ಕದು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಹಳ್ಳದ ದಂಡೆಯ ಹಳೆಯ ಬಿದಿರೆಲ್ಲ ಒಟ್ಟಿಗೇ ಹೂಬಿಟ್ಟು ಸತ್ತುಹೋಯಿತು. ಅಮ್ಮ ನೆಲದ ಮೇಲೆ ಉದುರಿದ ಬಿದಿರಕ್ಕಿಯನ್ನು ಗುಡಿಸಿ ತಂದು ಪಾಯಸ ಮಾಡಿದ್ದು ಈಗಲೂ ನೆನಪಿದೆ. ಮರುವರ್ಷದ ಮಳೆಯಲ್ಲಿ ಹುಲ್ಲಿನಂತೆ ಮೊಳೆತ ಸಸಿಗಳ ಪೈಕಿ ಒಂದು ಹೇಗೋ ದನಗಳ ಬಾಯಿ ತಪ್ಪಿಸಿಕೊಂಡು ಉಳಿದು, ಬೆಳೆದು, ಈ ಮೆಳೆಯಾಗಿತ್ತು.

೧೯೭೬ರ ಬೇಸಿಗೆಯಲ್ಲಿ ನಾನು ಸಸ್ಯಶಾಸ್ತ್ರವನ್ನೋದಿ ಬಿ.ಎಸ್ಸಿ. ಪರೀಕ್ಷೆ ಮುಗಿಸಿಕೊಂಡು ಊರಿಗೆ ಬಂದೆ. ಹೊಸದಾಗಿ ಓದಿದವನ ಕೈ ಸುಮ್ಮನಿರುವುದಿಲ್ಲ. ಅರಣ್ಯಶಾಸ್ತ್ರದ ಹಳೆಯ ಪುಸ್ತಕವೊಂದರಲ್ಲಿ, ಮುಳ್ಳುಬಿದಿರಿನ ಬುಡದಲ್ಲಿ ಹೆಣೆದುಕೊಂಡ ಕೊಂಬೆಗಳನ್ನು ಕಡಿದು ಮೆಳೆಯನ್ನು ಬಿಡಿಸಿದರೆ ಗಾಳಿ ಬೆಳಕು ಆಡಿ ಹೊಸ ಬಿದಿರು ನೆಟ್ಟಗೆ ಬರುತ್ತದೆಂದು ಓದಿದ್ದೆ. ನಮ್ಮ ಮೆಳೆಯ ಬುಡವಂತೂ ಹಾವು ಸಹ ನುಸುಳಲಾರದಷ್ಟು ಗೋಜಲಾಗಿತ್ತು. ಇಬ್ಬರು ಆಳುಗಳನ್ನು ಕರೆದು, ಕತ್ತಿ ಮಸೆಯಿಸಿ, ಕೆಲಸಕ್ಕೆ ತೊಡಗಿದೆ.

ಆ ಹೊತ್ತಿಗೆ ಮೇದರ ಅಜ್ಜ ಬಂದ. ವರ್ಷಕ್ಕೊಮ್ಮೆ ಬಂದು ತನಗೆ ಬೇಕಾದ ಗಳ ಕಡಿದುಕೊಂಡು, ಅದಕ್ಕೆ ಪ್ರತಿಯಾಗಿ ಎರಡು ಮೊರ, ಒಂದೆರಡು ಅಡಕೆ ಬುಟ್ಟಿ, ಮನೆಯಲ್ಲಿ ಬಾಣಂತಿಯಿದ್ದ ವರ್ಷವಾದರೆ ಒಂದು ತೊಟ್ಟಿಲು ಕೊಟ್ಟುಹೋಗುವುದು ಅವನ ವಾಡಿಕೆ. ಅವನು ಕಡಿಯುವ ರೀತಿಯೇ ಬೇರೆ. ಮೆಳೆಯ ಒಂದೇ ಮಗ್ಗುಲಲ್ಲಿ ಮೈ ತೂರುವಷ್ಟು ಕಂಡಿ ಮಾಡಿ, ಒಳಹೊಕ್ಕು, ಬಲಿತ ಗಳವನ್ನು ಮಾತ್ರ ಎಳೆದುಕೊಂಡು, ಹೊರಡುವಾಗ ಕಡಿದ ಮುಳ್ಳನ್ನು ಮತ್ತೆ ಕಂಡಿಗೆ ತುರುಕಿ ಹೋಗುತ್ತಿದ್ದ. ಅಂದು ನನ್ನ ಪ್ರತಾಪವನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತು, “ಸಣ್ಣಯ್ಯ, ಬುಡ ಬಿಡಿಸಬೇಡಿ. ಅದು ತನಗೆ ತಾನೇ ಹಾಕಿಕೊಂಡ ಬೇಲಿ. ಬೇಲಿ ಕಿತ್ತರೆ ಕಳಲೆ ಉಳಿಯೋದಿಲ್ಲ,” ಎಂದ.

ನಾನು ನಕ್ಕೆ. ಅವನಿಗೆ ಗಾಳಿ ಬೆಳಕಿನ ವಿಷಯವನ್ನು ತಿಳಿಸಿ ಹೇಳಿದ್ದು ಕೂಡ ನೆನಪಿದೆ.

ಪುಷ್ಯ ಮಳೆ ಹಿಡಿದಾಗ ಮೆಳೆಯ ಸುತ್ತ ಕಳಲೆ ಎದ್ದವು; ಪುಸ್ತಕ ಹೇಳಿದಂತೆ ನೆಟ್ಟಗೆ, ಹುಲುಸಾಗಿಯೇ ಎದ್ದವು. ಮೊದಲ ವಾರ ನಮ್ಮ ಕೊಟ್ಟಿಗೆಯ ದನಗಳೇ ಬಂದು ನಾಲ್ಕನ್ನು ಮುಗಿಸಿದವು. ಅವುಗಳನ್ನು ಕಟ್ಟಿಹಾಕಿದರೆ ರಾತ್ರಿ ಮುಳ್ಳುಹಂದಿ ಬಂತು, ಹಗಲು ಮುಸುವಗಳು ಬಂದವು. ಶ್ರಾವಣ ಕಳೆಯುವ ಹೊತ್ತಿಗೆ ಒಂದು ಕಳಲೆಯೂ ಇರಲಿಲ್ಲ. ದೀಪಾವಳಿಯ ಮುಂದೆ ಅಜ್ಜ ಬಂದು ಬುಡವನ್ನು ನೋಡಿದ, ಏನೂ ಅನ್ನಲಿಲ್ಲ. ಆ ವರ್ಷ ಅವನು ಗಳ ಕಡಿಯದೆ ಹಾಗೆಯೇ ಹಿಂದಿರುಗಿದನೆಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಇಷ್ಟನ್ನು ಈಗ ಬರೆಯಲು ಕಾರಣವುಂಟು. ಕೆಲವು ವರ್ಷಗಳ ತರುವಾಯ, ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದಾಗ, ಕರ್ನಾಟಕದ ಬಿದಿರಿನ ಮೇಲೆ ಮಾಧವ ಗಾಡ್ಗೀಳರೂ ನರೇಂದ್ರ ಪ್ರಸಾದರೂ ನಡೆಸಿದ ಅಧ್ಯಯನ ನನ್ನ ಕೈಗೆ ಬಂತು. ಓದುತ್ತ ಓದುತ್ತ ಒಂದು ಕಡೆ ಕಣ್ಣು ನಿಂತುಹೋಯಿತು. ಮುಳ್ಳುಬಿದಿರಿನ ಬುಡವನ್ನು ಬಿಡಿಸುವ ಪದ್ಧತಿಯಿಂದಲೇ ಕಳಲೆಗಳು ಪ್ರಾಣಿಗಳ ಬಾಯಿಗೆ ಬಿದ್ದು ಮೆಳೆಗಳು ಕ್ಷೀಣಿಸುತ್ತಿವೆ ಎಂದು ಅಲ್ಲಿ ಅಳತೆ, ಎಣಿಕೆಗಳ ಸಮೇತ ಬರೆದಿತ್ತು. ಮೇದರ ಅಜ್ಜ ನನಗೆ ಹೇಳಿದ ಮಾತನ್ನು ಅದೇ ಸುಮಾರಿನಲ್ಲಿ ಇದೇ ಘಟ್ಟಗಳ ಮತ್ತಾವುದೋ ಹಳ್ಳಿಯವರು ಈ ವಿಜ್ಞಾನಿಗೂ ಹೇಳಿದ್ದರು. ವ್ಯತ್ಯಾಸವಿಷ್ಟೆ: ನಾನು ನಕ್ಕೆ, ಅವರು ಟಿಪ್ಪಣಿ ಪುಸ್ತಕ ತೆಗೆದರು.

ಅಂದಿನಿಂದ ಈ ಮನುಷ್ಯನ ವಿದ್ಯಾಜೀವನದ ಬಗೆಗೆ ನನಗೊಂದು ಖಾಸಗಿ ಕುತೂಹಲ ಹುಟ್ಟಿತು. ಹಳ್ಳಿಯವನ ಮಾತನ್ನು ಕೇಳುವ ಕಿವಿ ಅವರಿಗೆ ಎಲ್ಲಿಂದ ಬಂತು? ನನ್ನಂತೆ ಅವರೂ ಪುಸ್ತಕದವರೇ. ನನಗಿಂತ ನೂರುಪಾಲು ದೊಡ್ಡ ಪುಸ್ತಕದವರು.

ಗಾಡ್ಗೀಳರು ೧೯೪೨ರಲ್ಲಿ ಪುಣೆಯಲ್ಲಿ ಹುಟ್ಟಿದರು. ತಂದೆ ಧನಂಜಯರಾವ್ ಗಾಡ್ಗೀಳರು ಪ್ರಸಿದ್ಧ ಅರ್ಥಶಾಸ್ತ್ರಜ್ಞರು, ಹಕ್ಕಿಗಳ ಹುಚ್ಚಿನವರು ಕೂಡ. ಹುಡುಗ ಮಾಧವ ಒಮ್ಮೆ ಬಾಲದ ಉದ್ದ ಕಡ್ಡಿಗಳಿಲ್ಲದ ಕಳ್ಳಿಪೀರ ಹಕ್ಕಿಯನ್ನು ಕಂಡು, ಇದಾವ ಜಾತಿಯೆಂದು ಸಲೀಂ ಅಲಿಯವರಿಗೆ ಕಾಗದ ಬರೆದನಂತೆ. ಜಾತಿ ಬೇರೆಯಲ್ಲ, ಹಕ್ಕಿ ಗರಿ ಬದಲಿಸುವ ಕಾಲದಲ್ಲಿ ಆ ಕಡ್ಡಿಗಳು ಉದುರಿರುತ್ತವೆ ಎಂದು ಉತ್ತರ ಬಂತು. ನಾಡಿನ ಹಿರಿಯ ಪಕ್ಷಿಶಾಸ್ತ್ರಜ್ಞರು ಶಾಲೆಯ ಹುಡುಗನ ಕಾಗದಕ್ಕೆ ಮಾರೋಲೆ ಬರೆಯುವುದೆಂದರೆ ಅದು ಸಣ್ಣ ಸಂಗತಿಯಲ್ಲ. ಪ್ರಶ್ನೆ ಯಾರದಾದರೂ ಆಗಲಿ, ಅದು ಪ್ರಶ್ನೆಯೇ ಎಂಬ ಮರ್ಯಾದೆಯನ್ನು ಆ ಹುಡುಗ ಅಲ್ಲಿ ಕಲಿತಿರಬೇಕೆಂದು ನನ್ನ ಊಹೆ. (ಎತ್ತರ ಜಿಗಿತದಲ್ಲೂ ಅವರು ಹೆಸರು ಮಾಡಿದ್ದರೆಂದು ಓದಿದಾಗ, ಜೀವನವಿಡೀ ಬೆಟ್ಟ ಹತ್ತಿದವರ ಕಾಲಿಗೆ ಆ ಅಭ್ಯಾಸ ನಷ್ಟವಾಗಲಿಲ್ಲವೆಂದು ಕೊಂಡೆ.)

೧೯೬೫ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ವಿಲಿಯಂ ಬಾಸರ್ಟ್ ಎಂಬ ಗುರುವಿನ ಬಳಿ ಗಣಿತದ ಮೂಲಕ ಜೀವಿಗಳನ್ನು ಅರಿಯುವ ವಿದ್ಯೆಯನ್ನು ಹಿಡಿದರು; ೧೯೬೯ರಲ್ಲಿ ಡಾಕ್ಟರೇಟ್ ಪಡೆದರು. ಗುರುಶಿಷ್ಯರಿಬ್ಬರೂ ಸೇರಿ ೧೯೭೦ರಲ್ಲಿ ಪ್ರಕಟಿಸಿದ ಲೇಖನವನ್ನು ಜೀವಶಾಸ್ತ್ರಜ್ಞರು ಈಗಲೂ ಉದಾಹರಿಸುತ್ತಾರೆ. ಅದರ ವಿಷಯವನ್ನು ಸಮೀಕರಣಗಳಿಲ್ಲದೆ ಹೀಗೆ ಹೇಳಬಹುದು. ಪ್ರತಿಯೊಂದು ಜೀವಿಗೂ ಗಳಿಕೆ ಮಿತವಾದದ್ದು. ಅದರಲ್ಲಿ ಮೈ ಬೆಳೆಸುವುದಕ್ಕೆಷ್ಟು, ಸಂತಾನಕ್ಕೆಷ್ಟು ಎಂದು ಹಂಚಬೇಕು. ಮಾವಿನ ಮರ ಒಂದು ಬಗೆಯ ಗೃಹಸ್ಥ. ವರ್ಷ ವರ್ಷವೂ ಇಷ್ಟಿಷ್ಟು ಫಲಕ್ಕೆ ಖರ್ಚುಮಾಡಿ ಉಳಿದುದನ್ನು ತನಗಿಟ್ಟುಕೊಂಡು ಬಾಳುತ್ತದೆ. ಶ್ರೀತಾಳೆಯದು ಇನ್ನೊಂದು ಬಗೆ. ದಶಕಗಳ ಕಾಲ ಕೂಡಿಟ್ಟು, ಒಂದೇ ಸಲ ಸರ್ವಸ್ವವನ್ನೂ ಹೂವು ಕಾಯಿಗೆ ಸುರಿದು, ಸಾಯುತ್ತದೆ. ಕಡಲಿನಿಂದ ಹೊಳೆಗೇರಿ ಮೊಟ್ಟೆಯಿಟ್ಟು ಮಡಿಯುವ ಸಾಲ್ಮನ್ ಮೀನಿನದೂ ಅದೇ ಬಾಳು. ಯಾವ ಪರಿಸ್ಥಿತಿಯಲ್ಲಿ ಮೊದಲ ದಾರಿ ಲಾಭದ್ದು, ಯಾವುದರಲ್ಲಿ ಎರಡನೆಯದು ಎಂಬುದನ್ನು ಆ ಲೇಖನ ಲೆಕ್ಕಹಾಕಿ ತೋರಿಸಲು ಯತ್ನಿಸಿತು.

ಬಿದಿರಿನದೂ ಎರಡನೆಯ ದಾರಿಯೇ. ನಲವತ್ತಕ್ಕೂ ಮಿಕ್ಕ ವರ್ಷ ಹೂವಿನ ಸುದ್ದಿಯೇ ಇಲ್ಲದೆ ಬೆಳೆದು, ಒಂದು ವರ್ಷ ಕಾಡಿಗೆ ಕಾಡೇ ಹೂಬಿಟ್ಟು, ಬೀಜ ಸುರಿಸಿ ಸಾಯುತ್ತದೆ. ಹಾರ್ವರ್ಡಿನಲ್ಲಿ ಕಾಗದದ ಮೇಲೆ ಬರೆದ ಲೆಕ್ಕವೇ ಉತ್ತರ ಕನ್ನಡದ ಕಾಡಿನಲ್ಲಿ ಮುಳ್ಳುಟ್ಟುಕೊಂಡು ತಮ್ಮನ್ನು ಕಾದಿದೆಯೆಂದು ಅವರಿಗಾಗ ತೋಚಿತ್ತೋ ಇಲ್ಲವೋ, ನಾನರಿಯೆ.

ಅಲ್ಲಿಯೇ ಉಳಿದಿದ್ದರೆ ಸುಖವಿತ್ತು. ೧೯೭೧ರಲ್ಲಿ ಪತ್ನಿ ಸುಲೋಚನಾ ಅವರೊಡನೆ ಹಿಂದಿರುಗಿ ಬಂದರು. ಆಕೆ ನಮ್ಮ ಮುಂಗಾರಿನ ಗುಟ್ಟನ್ನು ಅರಸಿದ ವಿಜ್ಞಾನಿ. ಪುಣೆಯಲ್ಲಿ ಸಸ್ಯಶಾಸ್ತ್ರಜ್ಞ ವರ್ತಕರ ಜೊತೆಗೂಡಿ ಸಹ್ಯಾದ್ರಿಯ ದೇವರಕಾಡುಗಳನ್ನು ಸುತ್ತಿದರು. ದೇವರಕಾಡೆಂದರೆ ಮೂಢನಂಬಿಕೆಯ ಪಳೆಯುಳಿಕೆಯೆಂದು ತಿಳಿದವರ ಕಾಲವದು. ಊರಿನ ಸುತ್ತ ಬೆಟ್ಟಗಳೆಲ್ಲ ಬೋಳಾಗಿದ್ದರೂ ದೇವಿಯ ಹೆಸರಿನ ಒಂದು ತುಂಡು ಕಾಡು ಮಾತ್ರ ದಟ್ಟವಾಗಿ ನಿಂತಿದ್ದುದನ್ನೂ, ಹಳ್ಳಿಯ ಒರತೆ ಬತ್ತದೆ ಇದ್ದುದು ಅದರ ನೆರಳಿನಿಂದಲೇ ಎಂದು ಊರವರು ಬಲ್ಲವರಾಗಿದ್ದುದನ್ನೂ ಅವರು ಕಂಡರು. ಬೇರೆಲ್ಲೂ ಉಳಿಯದ ಗಿಡಬಳ್ಳಿಗಳು ಆ ನೆಲೆಗಳಲ್ಲಿ ಉಳಿದಿದ್ದವು. ಕಿವಿಗೆ ಸಂಸ್ಕಾರ ದೊರೆತದ್ದು ಇಲ್ಲಿ ಎಂದು ನನಗೆ ತೋರುತ್ತದೆ.

೧೯೭೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಬಂಡೀಪುರದಲ್ಲಿ ಆನೆಗಳ ಹಿಂದೆ ಕೆಲಕಾಲ ತಿರುಗಿದರು. ಅಷ್ಟರಲ್ಲಿ ಬಿದಿರಿನ ವ್ಯಾಜ್ಯ ಎದುರಾಯಿತು.

ವ್ಯಾಜ್ಯದ ಸ್ವರೂಪವನ್ನು ತಿಳಿಯದೆ ಆ ಅಧ್ಯಯನದ ಬೆಲೆ ತಿಳಿಯದು. ಸ್ವಾತಂತ್ರ್ಯಾನಂತರ ಕಾಗದದ ಕಾರ್ಖಾನೆಗಳು ಬಂದವು. ನಾವು ಮಕ್ಕಳಿಗೆ ಪುಸ್ತಕ ಬೇಕೆಂದೆವು. ಪುಸ್ತಕಕ್ಕೆ ಕಾಗದ, ಕಾಗದಕ್ಕೆ ಬಿದಿರು. ಕಾರ್ಖಾನೆಗೆ ಸರ್ಕಾರ ಬಿದಿರನ್ನು ಟನ್ನಿಗೆ ಕೆಲವೇ ರೂಪಾಯಿಯಂತೆ, ದೀರ್ಘಾವಧಿಯ ಕರಾರಿನ ಮೇಲೆ ಒದಗಿಸಿತು. ಬುಟ್ಟಿ ಹೆಣೆದು ಬದುಕುವ ಮೇದರವನು ಮಾತ್ರ ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಪಾಲು ದುಬಾರಿಯಾಗಿ ಕೊಳ್ಳಬೇಕಾಯಿತು. ಕಾಡಿನಲ್ಲಿ ಬಿದಿರು ಇಳಿಮುಖವಾದಾಗ ತಪ್ಪು ಯಾರದೆಂಬ ಪ್ರಶ್ನೆ ಎದ್ದಿತು. ಹಳ್ಳಿಯವರು ದನ ಮೇಯಿಸುತ್ತಾರೆ, ಬೆಂಕಿ ಹಾಕುತ್ತಾರೆ, ಕದ್ದು ಕಡಿಯುತ್ತಾರೆ ಎಂಬುದು ಕಚೇರಿಯ ವಾದ. ಕಾರ್ಖಾನೆ ಕಾಡನ್ನು ನುಂಗುತ್ತಿದೆ ಎಂಬುದು ಮೇದರ ವಾದ. ಈ ಎರಡರ ನಡುವೆ ನಿಜ ತಿಳಿಸಬೇಕೆಂದು ೧೯೭೦ರ ದಶಕದ ನಡುಭಾಗದಲ್ಲಿ ವಿಜ್ಞಾನಿಗಳಿಗೆ ಕೇಳಿಕೆ ಬಂತು.

ಗಣಿತ ಬಲ್ಲವರಿಗೆ ಕಡತದಲ್ಲಿದ್ದ ಅಂಕಿಗಳೇ ಸಾಕಾಗಿತ್ತು. ಕುಳಿತಲ್ಲಿಯೇ ವರದಿ ಬರೆಯಬಹುದಿತ್ತು. ಗಾಡ್ಗೀಳರೂ ಅವರ ಸಂಗಡಿಗರೂ ಕಾಡಿಗೆ ಹೋದರು. ಮೆಳೆಗಳನ್ನು ಗುರುತುಮಾಡಿ, ಒಂದೊಂದರಲ್ಲಿ ಎಷ್ಟು ಗಳ, ಎಷ್ಟು ಹಳತು, ಈ ವರ್ಷದ್ದೆಷ್ಟು, ಎದ್ದ ಕಳಲೆಗಳಲ್ಲಿ ಉಳಿದದ್ದೆಷ್ಟು, ತಿಂದುಹೋದದ್ದೆಷ್ಟು ಎಂದು ಎಣಿಸಿದರು. ಮರುವರ್ಷ ಅದೇ ಮೆಳೆಗೆ ಬಂದು ಮತ್ತೆ ಎಣಿಸಿದರು. ಎಣಿಕೆ ಬೇಸರದ ಕೆಲಸ. ಮಳೆಗಾಲದ ಘಟ್ಟದಲ್ಲಿ ಉಂಬಳಕ್ಕೆ ರಕ್ತ ಕೊಡುತ್ತ ಮಾಡುವ ಎಣಿಕೆ ಬೇಸರಕ್ಕಿಂತಲೂ ಹೆಚ್ಚಿನದು. ಸಂಶೋಧನೆಯೆಂದರೆ ಮಿಂಚಿನಂಥ ಹೊಳಹೆಂದು ನಂಬಿದ ನನ್ನ ವಿದ್ಯಾರ್ಥಿಗಳಿಗೆ ನಾನು ಇದನ್ನು ಬೇಕೆಂದೇ ವಿಸ್ತರಿಸಿ ಹೇಳುತ್ತಿದ್ದೆ.

ಮೊದಲು ಕಂಡುಬಂದದ್ದು, ಕಾಡಿನಲ್ಲಿ ಇದೆಯೆಂದು ಕಡತಗಳು ಹೇಳುತ್ತಿದ್ದ ಬಿದಿರಿಗೂ ನೆಲದ ಮೇಲೆ ನಿಂತಿದ್ದ ಬಿದಿರಿಗೂ ಭಾರಿ ಅಂತರ. ಇಲ್ಲದ ಬಿದಿರನ್ನು ಇದೆಯೆಂದು ಬರೆದು, ಬರೆದುದಕ್ಕೆ ತಕ್ಕಂತೆ ಕಡಿದರೆ ಏನಾಗಬೇಕೋ ಅದೇ ಆಗುತ್ತಿತ್ತು. ಹತ್ತಿರದ ಕಾಡು ಮುಗಿದಂತೆ ದೂರದ ಕಾಡು, ಅದೂ ಮುಗಿದರೆ ಪರರಾಜ್ಯದ ಕಾಡು.

ಆಮೇಲೆ ಮುಳ್ಳಿನ ವಿಷಯ. ಓದುಗರಲ್ಲಿ ಬಿದಿರನ್ನು ಬುಟ್ಟಿಯಾಗಿ ಮಾತ್ರ ಬಲ್ಲವರಿಗಾಗಿ ಇಲ್ಲಿ ಎರಡು ಮಾತು ಹೇಳಬೇಕು. ನಮ್ಮ ಘಟ್ಟಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಣಗುಡ್ಡಗಳ ಕಿರುಬಿದಿರು ಗಟ್ಟಿ, ಮುಳ್ಳಿಲ್ಲದ್ದು. ಹೊಳೆಹಳ್ಳಗಳ ತಂಪಿನಲ್ಲಿ ಬೆಳೆಯುವ ಹೆಬ್ಬಿದಿರು ಮುಳ್ಳಿನದು. ಮರದಂತೆ ಬಿದಿರು ವರ್ಷ ವರ್ಷ ದಪ್ಪವಾಗುವುದಿಲ್ಲ. ನೆಲದೊಳಗಿನ ಗೆಡ್ಡೆಯಿಂದ ಕಳಲೆ ಮೇಲೆದ್ದಾಗಲೇ ಅದರ ಗಾತ್ರ ನಿರ್ಧಾರವಾಗಿರುತ್ತದೆ. ಹಳೆಯ ಗಳಗಳು ದುಡಿದು ಕೂಡಿಟ್ಟ ಆಹಾರವನ್ನು ಉಂಡು ಅದು ದಿನಕ್ಕೆ ಗೇಣಿಗೂ ಮಿಕ್ಕಿ ಏರಿ, ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ ಮುಟ್ಟುತ್ತದೆ. ಆ ಕೆಲವು ವಾರಗಳಲ್ಲಿ ಅದರಷ್ಟು ಮೆತ್ತನೆಯ, ಸಿಹಿಯಾದ, ದಿಕ್ಕಿಲ್ಲದ ವಸ್ತು ಕಾಡಿನಲ್ಲಿ ಇನ್ನೊಂದಿಲ್ಲ. ತುದಿ ಕಡಿದುಹೋಯಿತೆಂದರೆ ಆ ಗಳದ ಕಥೆ ಮುಗಿಯಿತು. ತಾಯಿಮೆಳೆ ಹಾಕಿದ ಬಂಡವಾಳವೂ ಮುಳುಗಿತು. ಹೀಗಿರುವುದರಿಂದಲೇ ಹೆಬ್ಬಿದಿರು ಬುಡದಲ್ಲಿ ಮುಳ್ಳುಕೊಂಬೆಗಳನ್ನು ಹೆಣೆದು ಕೋಟೆ ಕಟ್ಟಿಕೊಳ್ಳುತ್ತದೆ. ಕಡಿಯುವವರ ಅನುಕೂಲಕ್ಕಾಗಿಯೂ ಮೆಳೆಯ ಹಿತಕ್ಕಾಗಿಯೂ ಎಂದು ಸದುದ್ದೇಶದಿಂದಲೇ ಆ ಕೋಟೆಯನ್ನು ಕೀಳಿಸುವ ಪದ್ಧತಿ ನಡೆದುಬಂದಿತ್ತು. ದನ, ಮುಸುವ, ಮುಳ್ಳುಹಂದಿಗಳಿಗೆ ಬಾಗಿಲು ತೆರೆದದ್ದು ಆ ಪದ್ಧತಿ. ಹಳ್ಳಿಯವರು ಇದನ್ನು ಹೇಳಿದರು. ವಿಜ್ಞಾನಿ ಅದನ್ನು ನಂಬಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಬುಡ ಬಿಡಿಸಿದ ಮೆಳೆಗಳನ್ನೂ ಬಿಡಿಸದವನ್ನೂ ಹೋಲಿಸಿ ನೋಡಿದರು. ಮಾತು ನಿಜವಾಗಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳ್ಳಿಯವರು ಹೇಳಿದ್ದೆಲ್ಲ ವೇದವೆಂಬ ಭಾವುಕತೆ ಈಚೆಗೆ ಕೆಲವರಲ್ಲಿ ಕಾಣುತ್ತದೆ. ಸಭೆಗಳಲ್ಲಿ ಅದಕ್ಕೆ ಚಪ್ಪಾಳೆಯೂ ಬೀಳುತ್ತದೆ. ಅಜ್ಜನ ಮಾತು ಸರಿಯಾಗಿದ್ದುದು ಅವನು ಅಜ್ಜನಾಗಿದ್ದುದರಿಂದಲ್ಲ. ಐವತ್ತು ಮಳೆಗಾಲ ಅದೇ ಮೆಳೆಗಳ ಮುಂದೆ ನಿಂತು ನೋಡಿದ್ದವನು ಅವನು. ಗಳ ಕೆಟ್ಟರೆ ಅವನ ಮನೆಯ ಒಲೆ ಆರುತ್ತಿತ್ತು. ನನ್ನ ಪುಸ್ತಕ ಬರೆದವನಿಗೆ ಆ ಭಯವಿರಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಅದು ಎಲ್ಲ ಕಡೆಯೂ ಬರೆದಿರುವ ವಿಷಯ. ೧೯೮೩ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಗಳ ಕೇಂದ್ರ ತಲೆಯೆತ್ತಿತು. ೧೯೮೬ರಲ್ಲಿ ನೀಲಗಿರಿ ಜೀವಗೋಳ ಮೀಸಲು ನೆಲೆ ಸ್ಥಾಪನೆಯಾಗುವುದರಲ್ಲಿ ಅವರ ಪಾಲು ದೊಡ್ಡದು. ೧೯೯೨ರಲ್ಲಿ ರಾಮಚಂದ್ರ ಗುಹಾ ಅವರೊಡನೆ ಭಾರತದ ಪರಿಸರದ ಇತಿಹಾಸವನ್ನು ಕುರಿತು ಬರೆದ ಗ್ರಂಥ ಹೊರಬಂತು. ಪದ್ಮಶ್ರೀ, ಪದ್ಮಭೂಷಣ, ೨೦೧೫ರಲ್ಲಿ ಟೈಲರ್ ಪ್ರಶಸ್ತಿ, ಹೀಗೆ ಮನ್ನಣೆಗಳು.

ನನಗೆ ಮುಖ್ಯವೆನಿಸುವುದು ೧೯೯೦ರ ದಶಕದ ಕೆಲಸ. ಪಶ್ಚಿಮಘಟ್ಟದ ಸಾಲಿನಲ್ಲಿದ್ದ ಸಣ್ಣ ಸಣ್ಣ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿ, ಊರೂರಿನ ಗಿಡಮರ, ಹಕ್ಕಿ, ಮೀನುಗಳನ್ನು ಊರವರ ತಿಳಿವಳಿಕೆಯ ಸಮೇತ ದಾಖಲೆ ಮಾಡುವ ಜನತಾ ಜೀವವೈವಿಧ್ಯ ದಾಖಲೆಯ ಕಲ್ಪನೆಯನ್ನು ಅವರು ಹರಡಿದರು. ೨೦೦೨ರ ಜೀವವೈವಿಧ್ಯ ಕಾಯಿದೆಯ ತರುವಾಯ ಅದಕ್ಕೆ ಕಾನೂನಿನ ಬೆಂಬಲವೂ ಬಂತು. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕ ಕೂಡ ಸರಿಯಾಗಿಲ್ಲದ ನಮ್ಮಂಥವರಿಗೂ ಸಂಶೋಧನೆ ಸಾಧ್ಯವೆಂದು ಹೇಳಿದವರು ಅವರೊಬ್ಬರೇ. ಆ ಉತ್ಸಾಹದಲ್ಲಿ ನಾನೂ ಏಳೆಂಟು ವಿದ್ಯಾರ್ಥಿಗಳೊಡನೆ ನಮ್ಮ ಹಳ್ಳಿಯನ್ನೇ ಬರೆಯಲು ಹೊರಟೆ. ಮೊದಲು ಮೇದರ ಅಜ್ಜನ ಮನೆಗೆ ಹೋಗಬೇಕೆಂದುಕೊಂಡೆ.

ಅವನು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಜಗಲಿಯ ಮೇಲೆ ಸೊಸೆ ಕುಳಿತು ಬುಟ್ಟಿ ಹೆಣೆಯುತ್ತಿದ್ದಳು. ಹೆಣೆಯುತ್ತಿದ್ದುದು ಪ್ಲಾಸ್ಟಿಕ್ಕಿನ ಪಟ್ಟಿಗಳಿಂದ. “ಗಳ ಎಲ್ಲಿ ಸಿಗುತ್ತದೆ, ಮೇಷ್ಟ್ರೇ?” ಎಂದಳು. ಬಿದಿರಿನ ಬಗ್ಗೆ ನಾವು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು: ಯಾವ ತಿಂಗಳಲ್ಲಿ ಕಡಿದರೆ ಹುಳು ಹಿಡಿಯುವುದಿಲ್ಲ, ಎಷ್ಟು ವರ್ಷದ ಗಳ ಮೊರಕ್ಕೆ, ಎಷ್ಟರದ್ದು ತಟ್ಟಿಗೆ. ವಿದ್ಯಾರ್ಥಿಗಳು ಬರೆದುಕೊಂಡರು. ಅವಳ ಕೈ ಮಾತ್ರ ಕೆಂಪು ಹಸುರು ಪ್ಲಾಸ್ಟಿಕ್ಕನ್ನು ಮಡಿಸುತ್ತಲೇ ಇತ್ತು. ೧೯೭೬ರ ಸಂಗತಿಯನ್ನು ಹೇಳಿಬಿಡಬೇಕೆಂದು ನನಗೆ ಬಾಯಿಗೆ ಬಂತು, ಹೇಳಲಿಲ್ಲ. ಆ ಊರಿನ ಬಿದಿರೆಲ್ಲ ನನ್ನೊಬ್ಬನ ಕತ್ತಿಯಿಂದ ಹೋಗಲಿಲ್ಲವೆಂದು ಸಮಾಧಾನ ಹೇಳಿಕೊಂಡೆ. ಅದು ನಿಜವೂ ಹೌದು.

೨೦೧೦ರಲ್ಲಿ ಕೇಂದ್ರ ಸರ್ಕಾರ ಪಶ್ಚಿಮಘಟ್ಟದ ಪರಿಸರ ತಜ್ಞರ ಸಮಿತಿಯನ್ನು ನೇಮಿಸಿ ಗಾಡ್ಗೀಳರನ್ನು ಅಧ್ಯಕ್ಷರನ್ನಾಗಿ ಮಾಡಿತು. ೨೦೧೧ರಲ್ಲಿ ವರದಿ ಸಲ್ಲಿತು. ಅದನ್ನು ಸಾರ್ವಜನಿಕರ ಕೈಗೆ ಕೊಡಲು ಸರ್ಕಾರವೇ ಹಿಂಜರಿದು, ೨೦೧೨ರಲ್ಲಿ ಬಿಡುಗಡೆ ಮಾಡಿತು. ಘಟ್ಟಗಳನ್ನು ಮೂರು ಬಗೆಯ ಸೂಕ್ಷ್ಮ ವಲಯಗಳಾಗಿ ವಿಂಗಡಿಸಿದ ಆ ವರದಿ, ಕೊನೆಯ ನಿರ್ಧಾರಕ್ಕೆ ಮೊದಲು ಗ್ರಾಮಸಭೆಗಳನ್ನು ಕೇಳಬೇಕೆಂದಿತ್ತು. ಆದರೆ ವರದಿಗಿಂತ ಮೊದಲು ಅದರ ಭಯ ಹಳ್ಳಿಗಳನ್ನು ಮುಟ್ಟಿತು. ನಮ್ಮ ಪೇಟೆಯಲ್ಲಿ ನಡೆದ ಪ್ರತಿಭಟನಾ ಸಭೆಗೆ ನಾನೂ ಹೋಗಿದ್ದೆ. ದನ ಕಟ್ಟುವಂತಿಲ್ಲ, ಮನೆ ಕಟ್ಟುವಂತಿಲ್ಲ, ಒಕ್ಕಲೆಬ್ಬಿಸುತ್ತಾರೆ ಎಂದು ಭಾಷಣಗಳಾದವು. ಎದ್ದುನಿಂತು, ವರದಿಯನ್ನು ಓದಿದವರು ಯಾರೆಂದು ಕೇಳಬೇಕೆನಿಸಿತು. ಆದರೆ ನಾನೂ ಓದಿರಲಿಲ್ಲ. ಜೀವನವಿಡೀ ಹಳ್ಳಿಯ ಮಾತಿಗೆ ಕಿವಿಗೊಟ್ಟವರ ಬರಹ ಹಳ್ಳಿಯನ್ನು ಅದರ ಭಾಷೆಯಲ್ಲಿ, ಸಕಾಲದಲ್ಲಿ ಸೇರದೆ ಹೋದದ್ದು ಆ ಕಥೆಯ ದೊಡ್ಡ ವಿಷಾದ. ೨೦೧೩ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿ ಬಂದು ಅದರ ಸ್ಥಾನವನ್ನು ಆಕ್ರಮಿಸಿತು. ಅದಕ್ಕೂ ಅದೇ ಗತಿಯಾಯಿತು. ೨೦೧೮ರಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ, ೨೦೨೪ರ ಜುಲೈಯಲ್ಲಿ ವಯನಾಡಿನ ಹಳ್ಳಿಗಳು ಮಣ್ಣಿನಡಿಗೆ ಹೋದಾಗ, ಪತ್ರಿಕೆಗಳು ಹಳೆಯ ವರದಿಯನ್ನು ಹುಡುಕಿ ತೆಗೆದವು. ನಾನು ಪೂರ್ತಿಯಾಗಿ ಓದಿದ್ದೂ ಆಗಲೇ ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ನಮ್ಮ ಮೆಳೆಯ ವಿಷಯ ಉಳಿಯಿತು. ಬುಡ ಬಿಡಿಸಿದ ವರ್ಷದ ತರುವಾಯ ಅದು ತಾನಾಗಿ ಮುಳ್ಳು ಹೆಣೆದುಕೊಳ್ಳಲು ಬಹಳ ಕಾಲ ಹಿಡಿಯಿತು. ಹಿಂದಿನ ಗಾತ್ರ ಬರಲೇ ಇಲ್ಲ. ೨೦೧೧ರಲ್ಲಿ ಹೂಬಿಟ್ಟು ಸತ್ತಿತು. ಪಾಯಸ ಮಾಡಲು ಅಮ್ಮ ಇರಲಿಲ್ಲ. ಹೆಂಡತಿ ಅಕ್ಕಿಯನ್ನು ಗುಡಿಸಿ ಡಬ್ಬಿಯಲ್ಲಿಟ್ಟಳು. ಮರುಮಳೆಗೆ ಮೊಳೆತ ಸಸಿಗಳಲ್ಲಿ ಐದಾರಕ್ಕೆ ನಾನೇ ಮುಳ್ಳು ಕಟ್ಟಿದೆ. ಎರಡು ಉಳಿದವು.

ಕಳೆದ ದೀಪಾವಳಿಗೆ ಮುಂಚೆ ಒಬ್ಬ ತರುಣ ಮೋಟರ್ ಸೈಕಲ್ಲಿನಲ್ಲಿ ಬಂದಿಳಿದು, ತಾನು ಇಂಥವನ ಮೊಮ್ಮಗನೆಂದು ಹೇಳಿ, ಗಳ ಸಿಕ್ಕೀತೇ ಎಂದು ಕೇಳಿದ. ಬಿದಿರ ಬುಟ್ಟಿಗೆ ಈಗ ಪಟ್ಟಣದವರಿಂದ ಬೇಡಿಕೆಯಿದೆಯಂತೆ. ಕರೆದೊಯ್ದು ತೋರಿಸಿದೆ. ಮೆಳೆಯನ್ನು ಒಂದು ಸುತ್ತು ಹಾಕಿ, ಹಳ್ಳದ ಮಗ್ಗುಲಲ್ಲಿ ಸಣ್ಣದೊಂದು ಕಂಡಿ ಮಾಡಿ ಒಳಹೊಕ್ಕ. ಏಳು ಗಳ ಎಳೆದುಕೊಂಡು ಹೊರಬಂದು, ಕಡಿದ ಮುಳ್ಳನ್ನೆಲ್ಲ ಕಾಲಿನಿಂದ ಒತ್ತಿ ಕಂಡಿಗೆ ತುಂಬಿದ. ಹೋಗುವಾಗ, “ಮೇಷ್ಟ್ರೇ, ಮೊರ ಬೇಕೋ, ತೊಟ್ಟಿಲು ಬೇಕೋ?” ಎಂದ.

ಮೊಮ್ಮಗಳು ಇನ್ನೂ ಕಾಲೇಜಿಗೆ ಹೋಗುತ್ತಿದ್ದಾಳೆ, ಸದ್ಯಕ್ಕೆ ಮೊರ ಸಾಕು ಎಂದೆ.